ಅಮೆರಿಕದ ಕ್ಲೈಂಟ್ ಇನ್ಶೂರೆನ್ಸ್ ಕೇಳ್ತಿದ್ದಾರೆ, ಯಾವುದು ತಗೊಳ್ಳಲಿ?

ಜಯನಗರದ ಕೋಡರ್: ಬೆಂಗಳೂರಿನಲ್ಲಿ ಒಬ್ಬನೇ ಸಾಫ್ಟ್‌ವೇರ್ ಕನ್ಸಲ್ಟಿಂಗ್ ಮಾಡುತ್ತೇನೆ. ಹೊಸ ಕ್ಲೈಂಟ್ ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ ಇರಲೇಬೇಕು ಅಂತಿದ್ದಾರೆ. ಆಫೀಸಿಗೆ ಬೆಂಕಿ, ಕಳ್ಳತನದ ಪಾಲಿಸಿ ಇದೆ, ಅದು ಸಾಲದಾ?

ಹಳೇ ಕನ್ಸಲ್ಟೆಂಟ್: ಸಾಲದು. ಅದು ಲ್ಯಾಪ್‌ಟಾಪು, ಮೇಜು, ಕುರ್ಚಿಗೆ. ನಿಮ್ಮ ಕೋಡ್‌ನ ತಪ್ಪಿನಿಂದ ನಷ್ಟವಾಯಿತು ಅಂತ ಕ್ಲೈಂಟ್ ಕೇಸ್ ಹಾಕಿದರೆ ವಕೀಲರ ಖರ್ಚು, ಪರಿಹಾರ ನೋಡಿಕೊಳ್ಳುವುದು ಇಂಡೆಮ್ನಿಟಿ. ಜ್ಯೂರಿಸ್‌ಡಿಕ್ಷನ್ ಸಾಲು ಮೊದಲು ಓದಿ, ‘ಭಾರತ ಮಾತ್ರ’ ಅಂತಿದ್ದರೆ ಅಮೆರಿಕದ ಕೋರ್ಟಿನ ಕೇಸಿಗೆ ಅದು ಬರುವುದಿಲ್ಲ.

ಮೈಸೂರಿನ ಅಕ್ಕ: ಇವು ಸಾಮಾನ್ಯವಾಗಿ ಕ್ಲೈಮ್ಸ್-ಮೇಡ್ ಪಾಲಿಸಿ. ಕೆಲಸ ಹಿಂದೆ ಮಾಡಿದ್ದಿರಬಹುದು, ಆದರೆ ಪಾಲಿಸಿಯಲ್ಲಿ ಬರೆದಿರುವ ರೆಟ್ರೋಆಕ್ಟಿವ್ ಡೇಟ್ ನಂತರದ್ದಾಗಿರಬೇಕು (ಅದಕ್ಕಿಂತ ಹಳೆಯ ಕೆಲಸಕ್ಕೆ ಕವರ್ ಇಲ್ಲ), ಕ್ಲೈಮ್ ಬರುವಾಗ ಪಾಲಿಸಿ ಚಾಲ್ತಿಯಲ್ಲಿರಬೇಕು. ನಾನು ಒಂದು ವರ್ಷ ರಿನ್ಯೂ ಮಾಡದೆ ಬಿಟ್ಟೆ, ಹಳೆಯ ರೆಟ್ರೋಆಕ್ಟಿವ್ ಡೇಟ್ ಕೈತಪ್ಪಿತು, ಈಗಲೂ ಬೇಜಾರಿದೆ. ದಯವಿಟ್ಟು ಬಿಡಬೇಡಿ.

ಜಯನಗರದ ಕೋಡರ್: ಥ್ಯಾಂಕ್ಸ್ ಅಕ್ಕ. ಡೇಟಾ ಸೋರಿದರೆ?

ಹಳೇ ಕನ್ಸಲ್ಟೆಂಟ್: ಅದಕ್ಕೆ ಸೈಬರ್ ಕವರ್ ಬೇರೆಯಾಗಿ ಕೇಳಿ.