ಶಾಲೆ ಬಿಟ್ಟ ಮೇಲೆ ಗೇಟಿನ ಹೊರಗೆ ಹೊಡೆದಾಟ: ತಡೆಯುವುದು ಹೇಗೆ?

ಪ್ರಶ್ನೆ (ದೈಹಿಕ ಶಿಕ್ಷಕ):
ಎಂಟರಿಂದ ಹತ್ತನೇ ತರಗತಿಯ ಹುಡುಗರ ಹೊಡೆದಾಟ ನಿಲ್ಲುತ್ತಿಲ್ಲ. ಸಿಸಿಟಿವಿ ಇದೆ, ಸಸ್ಪೆಂಡ್ ಮಾಡಿದ್ದೂ ಆಯ್ತು. ಗಲಾಟೆ ಮಾಡುವವರನ್ನೆಲ್ಲ ಒಟ್ಟಿಗೆ ಜೈಲಿಗೆ ಕರೆದೊಯ್ದು ತೋರಿಸೋಣ ಎನ್ನುತ್ತಿದೆ ಆಡಳಿತ ಮಂಡಳಿ. ಉಪಯೋಗ ಆಗುತ್ತಾ?

ಆಪ್ತಸಮಾಲೋಚಕಿ:
ದಯವಿಟ್ಟು ಬೇಡ ಸರ್. ಅಮೆರಿಕದಲ್ಲಿ ಇಂಥ ಕಾರ್ಯಕ್ರಮಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜೈಲು ನೋಡಿ ಬಂದ ಮಕ್ಕಳೇ ಹೋಗದವರಿಗಿಂತ ಹೆಚ್ಚು ತಪ್ಪು ಮಾಡಿದ್ದು ಕಂಡಿದೆ. ಗಲಾಟೆ ಮಾಡುವವರನ್ನೇ ಒಂದು ಗುಂಪು ಮಾಡುವುದೂ ಅಪಾಯ; ಒಬ್ಬನ ಪುಂಡಾಟಕ್ಕೆ ಉಳಿದವರ ಚಪ್ಪಾಳೆ ಸಿಗುತ್ತದೆ.

ಸಸ್ಪೆಂಡ್ ಆದವನು ಇಡೀ ದಿನ ಫೋನ್ ಹಿಡಿದು ಕೂತು, ಸಂಜೆ ಅದೇ ಗೇಟಿಗೆ ಬರುತ್ತಾನೆ. ಶಾಲೆಯೊಳಗೇ ಪಾಠ ಕೊಟ್ಟು, ಒಬ್ಬ ಶಿಕ್ಷಕರ ಕಣ್ಣಳತೆಯಲ್ಲಿ ಕೂರಿಸಿ.

ಸುರಕ್ಷತಾ ತರಬೇತುದಾರ:
ಮೊದಲು ಎಲ್ಲಿ, ಯಾವಾಗ ಎಂದು ತಿಳಿಯಿರಿ. ವೇಲ್ಸ್‌ನ ಕಾರ್ಡಿಫ್‌ನಲ್ಲಿ ಶಸ್ತ್ರಚಿಕಿತ್ಸಕ ಜೊನಾಥನ್ ಶೆಫರ್ಡ್ ಮಾಡಿದ್ದು ಇದನ್ನೇ. ತುರ್ತು ಚಿಕಿತ್ಸೆಗೆ ಬಂದ ಗಾಯಾಳುಗಳಿಂದ ಜಾಗ, ಸಮಯ, ಆಯುಧದ ವಿವರ ಪಡೆದು, ಹೆಸರು ತೆಗೆದು ಪೊಲೀಸರಿಗೂ ನಗರಾಡಳಿತಕ್ಕೂ ಕೊಟ್ಟರು. ಪೊಲೀಸರ ಕಿವಿಗೇ ಬೀಳದ ಹಲ್ಲೆಗಳು ಅದರಲ್ಲಿ ಬಹಳ ಇದ್ದವು.

ನೀವು ಶಾಲೆ ಮತ್ತು ಸುತ್ತಲಿನ ದಾರಿಯ ನಕ್ಷೆಯನ್ನು ಹಂಚಿ, ಭಯವಾಗುವ ಜಾಗಕ್ಕೆ ಗುರುತು ಹಾಕಿಸಿ, ಪಕ್ಕದಲ್ಲಿ ಸಮಯಕ್ಕೆ ಟಿಕ್. ಹೆಸರು ಬೇಡ, ಬರವಣಿಗೆಯೂ ಬೇಡ: ಅಕ್ಷರ ಗುರುತು ಸಿಗುತ್ತದೆ. ಕ್ಲಾಸ್ ಟೀಚರ್ ಕೈಗೆ ಕೊಡಿಸಿದರೆ ಖಾಲಿ ಹಾಳೆ ಬರುತ್ತದೆ, ಡಬ್ಬಿಗೆ ಹಾಕಿಸಿ. ಗುರುತು ದಟ್ಟವಾದಲ್ಲಿ ಬೆಲ್‌ಗೆ ಹತ್ತು ನಿಮಿಷ ಮುಂಚೆಯೇ ಇಬ್ಬರು ದೊಡ್ಡವರು ನಿಲ್ಲಲಿ, ಜಾಗ ಖಾಲಿಯಾಗುವವರೆಗೂ. ಕ್ಯಾಮೆರಾ ನಡೆದದ್ದನ್ನು ತೋರಿಸುತ್ತದೆ, ಜಗಳ ಬಿಡಿಸುವುದಿಲ್ಲ.

ಆಪ್ತಸಮಾಲೋಚಕಿ:
ಒಂದು ಹೊಡೆದಾಟ ಆದಮೇಲಿನ ಒಂದೆರಡು ದಿನ ಬಹಳ ಮುಖ್ಯ, ಸೇಡು ತೀರಿಸಿಕೊಳ್ಳುವ ಹೊತ್ತು ಅದು. ಅವತ್ತೇ ಇಬ್ಬರನ್ನೂ ಬೇರೆಬೇರೆಯಾಗಿ, ಗೆಳೆಯರಿಲ್ಲದ ಕಡೆ ಮಾತಾಡಿಸಿ. "ಯಾಕೆ ಹೊಡೆದೆ?" ಎಂದರೆ ವಾದಕ್ಕೆ ನಿಲ್ಲುತ್ತಾನೆ, "ಏನಾಯ್ತು?" ಎಂದು ಶುರು ಮಾಡಿ. ಆಮೇಲೆ "ನಾಳೆ ಅವನು ಎದುರಾದರೆ ಏನು ಮಾಡ್ತೀಯ?" ಎಂದು ಕೇಳಿ, ಉತ್ತರವನ್ನು ಅವನ ಬಾಯಿಂದಲೇ ಹೇಳಿಸಿ. ಎಲ್ಲರೆದುರು ಕೈ ಕುಲುಕಿಸಬೇಡಿ, ಅವಮಾನ ಒಳಗೇ ಕುದಿಯುತ್ತದೆ. ಯಾವಾಗಲೂ ಒಬ್ಬನೇ ಪೆಟ್ಟು ತಿನ್ನುತ್ತಿದ್ದರೆ ಅದು ಜಗಳವಲ್ಲ, ಕಿರುಕುಳ. ಅಲ್ಲಿ ರಾಜಿ ಪಂಚಾಯಿತಿ ಕೂಡದು, ಪೆಟ್ಟು ತಿಂದವನಿಗೆ ರಕ್ಷಣೆ ಬೇಕು.

ದೈಹಿಕ ಶಿಕ್ಷಕ:
ಯಾರೋ ಚಾಕು ತಂದಿದ್ದಾನೆ ಅಂತ ಮಗುವೊಂದು ಬಂದು ಹೇಳಿದರೆ?

ಸುರಕ್ಷತಾ ತರಬೇತುದಾರ:
ಕಿತ್ತುಕೊಳ್ಳಲು ಹೋಗಬೇಡಿ, ಕಾರಿಡಾರ್‌ನಲ್ಲಿ ಬ್ಯಾಗ್ ತಡಕಬೇಡಿ. ಉಳಿದ ಮಕ್ಕಳನ್ನು ತರಗತಿಯಲ್ಲೇ ಇರಿಸಿ, ಮುಖ್ಯೋಪಾಧ್ಯಾಯರಿಗೆ ತಿಳಿಸಿ ಪೊಲೀಸರನ್ನು ಕರೆಸಿ. ಅಲ್ಲಿಯವರೆಗೆ ದೂರದಿಂದಲೇ ಅವನ ಮೇಲೆ ಕಣ್ಣಿರಲಿ. ಹೇಳಿದ ಮಗುವನ್ನು ಮಾತ್ರ ಆಫೀಸಿಗೆ ಕರೆಸಿದರೆ ಯಾರು ಹೇಳಿದ್ದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಅವತ್ತು ನಾಲ್ಕೈದು ಮಕ್ಕಳನ್ನು ಕರೆಸಿ.