ಕರ್ನಾಟಕ ಶೈಲಿಯ ಪಿಟೀಲು ಸಾಧನೆಗೆ ನೆರವಾಗುವ ಮುಕ್ತ ತಂತ್ರಾಂಶ ಯಾವುದು?

ಪ್ರಶ್ನೆ: ಪಿಟೀಲು ವಿದ್ಯಾರ್ಥಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು ಕರ್ನಾಟಕ ಶೈಲಿಯಲ್ಲಿ ಪಿಟೀಲು ಕಲಿಯುತ್ತಿದ್ದು, ಸದ್ಯ ವರ್ಣಗಳ (ಸಾಧನೆಗೆಂದೇ ಕಲಿಸುವ ರಚನೆಗಳ) ಹಂತದಲ್ಲಿದ್ದೇನೆ. ಗುರುಗಳ ಬಳಿ ಪಾಠ ವಾರಕ್ಕೊಮ್ಮೆ ಮಾತ್ರ. ಉಳಿದ ದಿನಗಳಲ್ಲಿ ಒಬ್ಬನೇ ಸಾಧನೆ ಮಾಡುವಾಗ ಬೆರಳು ಸ್ವರಸ್ಥಾನದಲ್ಲಿ ನಿಂತಿದೆಯೇ, ಗಮಕ (ಸ್ವರವನ್ನು ತೂಗಿಸಿ, ಜಾರಿಸಿ ನುಡಿಸುವ ಬಗೆ) ಪಾಠದಲ್ಲಿ ಹೇಳಿಕೊಟ್ಟಂತೆಯೇ ಬರುತ್ತಿದೆಯೇ ಎಂಬುದನ್ನು ಪರೀಕ್ಷಿಸಿಕೊಳ್ಳಲು ಕಂಪ್ಯೂಟರಿನ ನೆರವು ಪಡೆಯಬಹುದೇ? ಹಣ ಕೊಟ್ಟು ಒಂದು ಆ್ಯಪ್ ಬಳಸಿ ನೋಡಿದೆ. ತೋಡಿ ರಾಗದ ಗಾಂಧಾರವನ್ನು ಗುರುಗಳು ಮೆಚ್ಚುವಂತೆ ನುಡಿಸಿದರೂ ಅದು ಕೆಂಪು ಗುರುತು ಹಾಕಿ ತಪ್ಪೆಂದೇ ತೋರಿಸುತ್ತದೆ. ತಂತಿಗಳನ್ನು ಸ-ಪ-ಸ-ಪ ಎಂದು ಶ್ರುತಿ ಮಾಡಿಕೊಂಡರೆ ಅದನ್ನೂ ಒಪ್ಪುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್.

ಉತ್ತರ: ಧ್ವನಿ ತಂತ್ರಜ್ಞ, ಬೆಂಗಳೂರು

ಆ ಬಗೆಯ ಆ್ಯಪ್‌ಗಳು ಪಾಶ್ಚಾತ್ಯ ಪಿಟೀಲನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಂಥವು. ಅಲ್ಲಿ ಮೊದಲ ತಂತಿ ಸುಮಾರು 659 ಹರ್ಟ್ಸ್‌ಗೆ ನಿಲ್ಲಬೇಕು. ನೀವು ಎರಡು ಮನೆ ಶ್ರುತಿ (ಹಾರ್ಮೋನಿಯಂನ ಎರಡನೇ ಬಿಳಿ ಮನೆ) ಇಟ್ಟುಕೊಂಡರೆ ಮಧ್ಯ ಷಡ್ಜ ಸುಮಾರು 294 ಹರ್ಟ್ಸ್ ಆಗಿ, ಮೊದಲ ತಂತಿಯ ಪಂಚಮ 440ರ ಆಸುಪಾಸಿಗೆ ಇಳಿಯುತ್ತದೆ; ಆ್ಯಪ್ ಇದನ್ನು ಸಡಿಲಗೊಂಡ ತಂತಿಯೆಂದೇ ಎಣಿಸುತ್ತದೆ. ಸ್ವರಸ್ಥಾನದ ವಿಷಯದಲ್ಲೂ ತೊಡಕಿದೆ. 294ರ ಷಡ್ಜಕ್ಕೆ ತಂಬೂರಿಯೊಡನೆ ಕೂಡಿಕೊಳ್ಳುವ ಅಂತರ ಗಾಂಧಾರ, 5:4ರ ಅನುಪಾತದಂತೆ, 367.5 ಹರ್ಟ್ಸ್, ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿದ ಕೀಬೋರ್ಡಿನಲ್ಲಿ ಅದು 370ಕ್ಕೆ ಏರುತ್ತದೆ. ಕಿವಿಗೆ ಸರಿಯಾಗಿ ಕೇಳುವ ಗಾಂಧಾರವನ್ನು ಯಂತ್ರ ಇಳಿಶ್ರುತಿ ಎನ್ನುವುದು ಹೀಗೆ. ಇನ್ನು ತೋಡಿಯ ಗಾಂಧಾರವಂತೂ ಒಂದೆಡೆ ನಿಲ್ಲದೆ ರಿಷಭ ಮತ್ತು ಮಧ್ಯಮಗಳ ನಡುವೆ ತೂಗಾಡುವ ಸ್ವರ. ಅದನ್ನು ಒಂದೇ ಬಿಂದುವಿನಲ್ಲಿ ಹಿಡಿದು ಅಂಕ ಕೊಡಲು ಹೊರಟ ತಂತ್ರಾಂಶ ನಮ್ಮ ಸಂಗೀತಕ್ಕೆ ಒದಗುವುದಿಲ್ಲ.

ಆದ್ದರಿಂದ ಸರಿ-ತಪ್ಪು ಹೇಳುವ ತಂತ್ರಾಂಶಕ್ಕಿಂತ ನಾದದ ಏರಿಳಿತವನ್ನು ಗೆರೆಯಾಗಿ ತೋರಿಸಿ ತೀರ್ಮಾನವನ್ನು ನಮಗೇ ಬಿಡುವಂಥದ್ದನ್ನು ಆರಿಸಿಕೊಳ್ಳಿ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸೋನಿಕ್ ವಿಶುವಲೈಸರ್ ಅಂಥದ್ದು. ಇದು ಜಿಪಿಎಲ್ ಪರವಾನಗಿಯಡಿ ದೊರೆಯುವ ಮುಕ್ತ ತಂತ್ರಾಂಶ, ಲಿನಕ್ಸ್‌ನಲ್ಲೂ ನಡೆಯುತ್ತದೆ. ಇದರ ಜೊತೆಗೆ ನಾದದ ಶ್ರುತಿಯನ್ನು ಗುರುತಿಸುವ ಪಿ-ಯಿನ್ ಎಂಬ ಪ್ಲಗಿನ್ (ಸೇರ್ಪಡೆ ತಂತ್ರಾಂಶ) ಅನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಧ್ವನಿಮುದ್ರಣವನ್ನು ತೆರೆದು, ಟ್ರಾನ್ಸ್‌ಫಾರ್ಮ್ ಮೆನುವಿನಲ್ಲಿ ಪಿ-ಯಿನ್‌ನ ‘ಸ್ಮೂತ್ಡ್ ಪಿಚ್ ಟ್ರ್ಯಾಕ್’ ಆರಿಸಿದರೆ ನೀವು ನುಡಿಸಿದ್ದು ಗೆರೆಯಾಗಿ ಮೂಡುತ್ತದೆ. ಜಾರು (ಸ್ವರದಿಂದ ಸ್ವರಕ್ಕೆ ಸರಿಯುವ ಗಮಕ) ಎಲ್ಲಿ ಹೊರಟು ಎಲ್ಲಿ ತಲುಪಿತು, ಕಂಪಿತದ (ತೂಗಾಡುವ ಗಮಕದ) ಒಂದೊಂದು ಅಲೆ ಎಷ್ಟು ಅಗಲವಿದೆ ಎಂಬುದೆಲ್ಲ ಕಣ್ಣಿಗೆ ಕಾಣುತ್ತದೆ. ಗುರುಗಳ ಧ್ವನಿಮುದ್ರಣವಿದ್ದರೆ ಅದನ್ನು ಮೇಲಿನ ಪಟ್ಟಿಯಲ್ಲಿಯೂ ನಿಮ್ಮದನ್ನು ಕೆಳಗಿನ ಪಟ್ಟಿಯಲ್ಲಿಯೂ ಇಟ್ಟು ಹೋಲಿಸಬಹುದು.

ನಾನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತೇನೆ. ಆ ಗೆರೆಯ ಅಂಕಿಗಳನ್ನು ಸಿಎಸ್‌ವಿ ಕಡತವಾಗಿ ಹೊರತೆಗೆದು, ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಪ್ರತಿಯೊಂದು ಅಂಕಿಯನ್ನೂ ಷಡ್ಜದ ಹರ್ಟ್ಸ್‌ನಿಂದ ಭಾಗಿಸಿ, ಬಂದದ್ದರ ಎರಡನೇ ಆಧಾರದ ಲಾಗರಿದಮ್ ಅನ್ನು 1200ರಿಂದ ಗುಣಿಸಿದರೆ ಎಲ್ಲವೂ ಸೆಂಟ್‌ಗಳಿಗೆ (ಸಪ್ತಕವನ್ನು 1200 ಭಾಗ ಮಾಡಿದ ಅಳತೆಗೆ) ಬರುತ್ತದೆ. ಆಗ ಷಡ್ಜ ಸೊನ್ನೆ, ಪಂಚಮ 702. ನಿಮ್ಮ ತೋಡಿಯ ಗಾಂಧಾರ 100ರಿಂದ 500ರ ನಡುವೆ ಹೇಗೆ ಓಡಾಡುತ್ತಿದೆ ಎಂಬುದು ಯಾರ ಶ್ರುತಿಯ ಹಂಗೂ ಇಲ್ಲದೆ ಸ್ಪಷ್ಟವಾಗುತ್ತದೆ.

ಉತ್ತರ: ವೀಣಾ ವಾದಕಿ, ಮೈಸೂರು

ಮೇಲಿನವರು ಹೇಳಿದ್ದು ಕಮಾನಿನ ವಾದ್ಯಕ್ಕೆ ಚೆನ್ನಾಗಿ ಒಪ್ಪುತ್ತದೆ. ವೀಣೆಯಲ್ಲಿ ಮೀಟಿದ ನಾದ ಕ್ರಮೇಣ ಕ್ಷೀಣಿಸುವುದರಿಂದ, ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು ತೆಗೆಯುವ ದೀರ್ಘ ಗಮಕದ ಕೊನೆಯಲ್ಲಿ ಗೆರೆ ತುಂಡಾಗುತ್ತದೆ, ಕೆಲವೊಮ್ಮೆ ಬೇರೆ ಸ್ಥಾಯಿಗೆ ಹಾರುತ್ತದೆ. ತಾಳದ ತಂತಿಗಳನ್ನು ಮೀಟದೆ ಧ್ವನಿಮುದ್ರಿಸಿಕೊಂಡರೆ ಫಲಿತಾಂಶ ಬಹುಮಟ್ಟಿಗೆ ಸುಧಾರಿಸುತ್ತದೆ. ಹಳೆಯ ಕಛೇರಿಗಳನ್ನು ನಿಧಾನವಾಗಿ ಕೇಳಿ ಕಲಿಯಲು ನನಗೆ ಧ್ವನಿ ಸಂಪಾದಿಸುವ ಮುಕ್ತ ತಂತ್ರಾಂಶ ಆಡಾಸಿಟಿ ಸಾಕು. ಅದರಲ್ಲಿ ‘ಚೇಂಜ್ ಸ್ಪೀಡ್ ಆ್ಯಂಡ್ ಪಿಚ್’ ಬಳಸಿದರೆ ಶ್ರುತಿಯೂ ಇಳಿದುಬಿಡುತ್ತದೆ. ‘ಚೇಂಜ್ ಟೆಂಪೋ’ ಬಳಸಿ.

ಉತ್ತರ: ಗಿಟಾರ್ ವಾದಕ, ಮಂಗಳೂರು

ಗಿಟಾರ್ ಕಲಿಯುವವರೂ ಈ ಪುಟಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ. ಟಕ್ಸ್‌ಗಿಟಾರ್ ಟ್ಯಾಬ್ (ಯಾವ ತಂತಿ, ಯಾವ ಮೆಟ್ಟಿಲು ಎಂದು ತೋರಿಸುವ ಬರಹ) ಬರೆಯುವ ಮುಕ್ತ ತಂತ್ರಾಂಶ. ಒಂದು ಭಾಗವನ್ನು ನಿಧಾನ ಗತಿಯಿಂದ ಆರಂಭಿಸಿ, ಪ್ರತಿ ಆವರ್ತನಕ್ಕೂ ವೇಗ ಹೆಚ್ಚಿಸುತ್ತ ಹೋಗುವ ಅಭ್ಯಾಸದ ಸೌಲಭ್ಯ ಅದರಲ್ಲಿದೆ. ಪಿಟೀಲಿನ ಗಮಕಕ್ಕೆ ಅದು ಹೊಂದುವುದಿಲ್ಲ.

ಪ್ರಶ್ನಿಸಿದವರು:

ಎಲ್ಲರಿಗೂ ವಂದನೆಗಳು. ಸೋನಿಕ್ ವಿಶುವಲೈಸರ್ ಹಾಕಿಕೊಂಡೆ. ಪಾಠವನ್ನು ಧ್ವನಿಮುದ್ರಿಸಿಕೊಳ್ಳಲು ಗುರುಗಳ ಅನುಮತಿ ಇದೆ, ಆದರೆ ಅದರಲ್ಲಿ ತಂಬೂರಿಯ ನಾದವೂ ಸೇರಿರುವುದರಿಂದ ಗೆರೆ ಆಗಾಗ ಷಡ್ಜಕ್ಕೋ ಪಂಚಮಕ್ಕೋ ಹೋಗಿ ಅಂಟಿಕೊಳ್ಳುತ್ತಿದೆ.

ಉತ್ತರ: ಧ್ವನಿ ತಂತ್ರಜ್ಞ, ಬೆಂಗಳೂರು

ಪಿ-ಯಿನ್ ಒಂದೇ ನಾದವಿದೆಯೆಂದು ನಂಬಿ ಕೆಲಸ ಮಾಡುವ ವಿಧಾನ. ನೀವು ಸಾಧನೆ ಮಾಡುವಾಗ ತಂಬೂರಿಯನ್ನು ಇಯರ್‌ಫೋನಿನ ಒಂದು ಕಿವಿಯಲ್ಲಿ ಮಾತ್ರ ಕೇಳಿಸಿಕೊಳ್ಳಿ, ಮೈಕಿಗೆ ಪಿಟೀಲು ಮಾತ್ರ ಸಿಗಲಿ. ಗುರುಗಳ ಮುದ್ರಣದಲ್ಲಿ ತಂಬೂರಿ ಇರುವುದೇ ಸರಿ. ಅದಕ್ಕಾಗಿ ಪಾಠದ ಕ್ರಮವನ್ನು ಬದಲಿಸಬೇಡಿ. ಬಾರ್ಸಿಲೋನಾದ ಪೊಂಪೆವು ಫಾಬ್ರ ವಿಶ್ವವಿದ್ಯಾಲಯದ ಸಂಗೀತ ತಂತ್ರಜ್ಞಾನ ತಂಡ ಬಿಡುಗಡೆ ಮಾಡಿರುವ ಎಸೆನ್ಷಿಯಾ ಎಂಬ ಮುಕ್ತ ಲೈಬ್ರರಿಯಲ್ಲಿ (ಪ್ರೋಗ್ರಾಂ ಬರೆಯುವಾಗ ಬಳಸುವ ಸಿದ್ಧ ಸಂಕೇತಗಳ ಸಂಗ್ರಹದಲ್ಲಿ) ಹಲವು ನಾದಗಳ ನಡುವೆ ಪ್ರಧಾನ ರಾಗಧಾರೆಯನ್ನು ಹಿಡಿಯುವ ವಿಧಾನವೂ, ಭಾರತೀಯ ಸಂಗೀತದ ಆಧಾರ ಷಡ್ಜವನ್ನು ಗುರುತಿಸುವ ವಿಧಾನವೂ ಇವೆ. ಅದಕ್ಕೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲವು ಸಾಲು ಬರೆಯಬೇಕಾಗುತ್ತದೆ. ಅದೇ ತಂಡದ ಕಾಂಪ್‌ಮ್ಯೂಸಿಕ್ ಯೋಜನೆಯಿಂದ ಬಂದ ‘ಸರಗ’ ಸಂಗ್ರಹದ ಕೆಲವು ಕರ್ನಾಟಕ ಕಛೇರಿಗಳಲ್ಲಿ ಪಿಟೀಲಿನ ಮೈಕಿನ ಧ್ವನಿ ಬೇರೆಯಾಗಿಯೇ ಸಿಗುತ್ತದೆ. ವಾಣಿಜ್ಯೇತರ ಬಳಕೆಗೆ ಅದು ಮುಕ್ತ. ಮೊದಲು ಅಂಥ ಒಂದನ್ನು ತೆಗೆದುಕೊಂಡು ಪಿ-ಯಿನ್ ಗೆರೆಯನ್ನು ಓದಲು ರೂಢಿಸಿಕೊಳ್ಳಿ, ಆಮೇಲೆ ಎಸೆನ್ಷಿಯಾಕ್ಕೆ ಬನ್ನಿ. ಪೈಥಾನ್ ಸಾಲುಗಳು ಬೇಕಾದಾಗ ಇಲ್ಲಿಯೇ ಕೇಳಿ, ಬರೆದು ಹಾಕುತ್ತೇನೆ.