ಅಜ್ಜನ ಮನೆಯ ರವಿವರ್ಮ ಪಟಕ್ಕೆ ಮತ್ತೆ ಕಟ್ಟು ಹಾಕಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಬಳಿಯ ನಮ್ಮ ಅಜ್ಜನ ಮನೆಯ ಜಗಲಿಯಲ್ಲಿ ತೂಗುತ್ತಿದ್ದ ರವಿವರ್ಮನ ಸರಸ್ವತಿಯ ಪಟ, ಮನೆ ಹಿಸ್ಸೆಯಾದ ಮೇಲೆ ನನ್ನ ಪಾಲಿಗೆ ಬಂದಿದೆ. ಬಿಳಿ ಅಂಚಿನ ಕೆಳಭಾಗದಲ್ಲಿ ‘ರವಿವರ್ಮ ಪ್ರೆಸ್, ಕಾರ್ಲಾ–ಲೋನಾವಳಾ’ ಎಂಬ ಸಣ್ಣ ಇಂಗ್ಲಿಷ್ ಅಕ್ಷರಗಳು ಇನ್ನೂ ಓದುವಂತಿವೆ. ಹಿಂಬದಿಗೆ ಹೊಡೆದಿದ್ದ ಹಲಗೆಗಳನ್ನು ಬಿಚ್ಚಿ ನೋಡಿದಾಗ, ಕಾಗದದ ಬೆನ್ನಿನ ಮೇಲೆ ಉದ್ದಕ್ಕೆ ಎರಡು ಕಂದು ಗೆರೆಗಳು ಕಂಡವು. ಮೇಲಿನ ಎಡಮೂಲೆಯಲ್ಲಿ ಅಂಗೈಯಗಲದಷ್ಟು ಚಿತ್ರ ಗಾಜಿಗೆ ಅಂಟಿಕೊಂಡಿದೆ. ಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದಾಗ, ಅಂಚನ್ನು ಕತ್ತರಿಸಿ, ಚಿತ್ರವನ್ನು ಪ್ಲೈವುಡ್ಡಿಗೆ ಅಂಟಿಸಿ, ಮೇಲೆ ಲ್ಯಾಮಿನೇಷನ್ ಮಾಡಿದರೆ ಐವತ್ತು ವರ್ಷ ಏನೂ ಆಗುವುದಿಲ್ಲ ಎಂದರು. ನನ್ನ ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ದಾರಿ ತೋರಿಸಬೇಕು.

ಉತ್ತರ 1 (ಮೈಸೂರಿನಲ್ಲಿ ಕಟ್ಟು ಹಾಕುವ ವೃತ್ತಿಯವರು)

ದಯವಿಟ್ಟು ಅಂಚಿಗೆ ಕತ್ತರಿ ಹಾಕಿಸಬೇಡಿ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಆಮೇಲೆ ಲೋನಾವಳಾ ಹತ್ತಿರದ ಮಳವಲಿಗೆ ಹೋದ ಆ ಮುದ್ರಣಾಲಯದ ಗುರುತು ಇರುವುದೇ ಆ ಅಂಚಿನಲ್ಲಿ. ಲ್ಯಾಮಿನೇಷನ್ ಮಾಡಿದ ಮೇಲೆ, ಪ್ಲೈವುಡ್ಡಿಗೆ ಅಂಟಿಸಿದ ಮೇಲೆ, ಚಿತ್ರವನ್ನು ಕೆಡದಂತೆ ಬಿಡಿಸಿ ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ. ಇಂದು ಮಾಡಿದ್ದನ್ನು ನಾಳೆ ಇನ್ನೊಬ್ಬರು ಬಿಚ್ಚುವಂತಿರಬೇಕು ಎಂಬುದೇ ಈ ಕೆಲಸದಲ್ಲಿ ನಾನು ಪಾಲಿಸುವ ನಿಯಮ.

ಆಸಿಡ್‌ರಹಿತ ಮೌಂಟ್ ಬೋರ್ಡನ್ನು (ಚಿತ್ರದ ಸುತ್ತ ಇಡುವ ದಪ್ಪ ರಟ್ಟು) ಕಿಟಕಿಯಂತೆ ಕತ್ತರಿಸಿ ಚಿತ್ರದ ಮುಂದೆ ಇಟ್ಟರೆ, ಗಾಜಿಗೂ ಚಿತ್ರಕ್ಕೂ ನಡುವೆ ಸಂದು ಉಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗಾಜಿನ ಒಳಮೈ ಬೆವರಿದರೂ ಆ ನೀರು ನೇರವಾಗಿ ಬಣ್ಣವನ್ನು ಮುಟ್ಟುವುದಿಲ್ಲ. ಕಿಟಕಿಯನ್ನು ಸ್ವಲ್ಪ ದೊಡ್ಡದಾಗಿಯೇ ಕತ್ತರಿಸಲು ಹೇಳಿ, ಆಗ ಅಂಚಿನ ಅಕ್ಷರಗಳೂ ಕಾಣುತ್ತವೆ. ಚಿತ್ರವನ್ನು ಹಿಂದಿನ ಬೋರ್ಡಿಗೆ ಹಿಡಿಸಲು ಮೇಲಂಚಿನಲ್ಲಿ ಮಾತ್ರ, ತೆಳುವಾದ ಜಪಾನಿ ಕಾಗದದ ಎರಡು ಪಟ್ಟಿಗಳನ್ನು ಗೋಧಿ ಪಿಷ್ಟದ ಅಂಟಿನಿಂದ ಅಂಟಿಸಿದರೆ ಸಾಕು. ಕಾಗದ ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ನಾಲ್ಕೂ ಕಡೆ ಬಿಗಿದರೆ ಅಲೆಅಲೆಯಾಗಿ ಉಬ್ಬುತ್ತದೆ. ಸೆಲೋಟೇಪು, ಕಂದು ಟೇಪುಗಳನ್ನು ಹತ್ತಿರ ತರಬೇಡಿ. ಹಿಂಬದಿಗೆ ಹಾರ್ಡ್‌ಬೋರ್ಡಿನ ಬದಲು ಸನ್‌ಪ್ಯಾಕ್ ಹಾಳೆಯನ್ನು (ಒಳಗೆ ಟೊಳ್ಳು ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ) ಹಾಕಿಸಿ.

ಉತ್ತರ 2 (ಉಡುಪಿಯಿಂದ)

ಅಂಟಿದ ಗಾಜಿನ ಬಗ್ಗೆ ಒಂದು ಮಾತು. ನಮ್ಮ ಮನೆಯ ಲಕ್ಷ್ಮಿಯ ಪಟವೂ ಹೀಗೆಯೇ ಅಂಟಿತ್ತು. ಮೆಲ್ಲಗೆ ಎತ್ತಿದರೆ ಬಂದೀತು ಎಂದು ನಾನೇ ಗಾಜನ್ನು ಎಳೆದೆ. ಗಾಜು ಬಂತು, ಅದರ ಜೊತೆಗೆ ಲಕ್ಷ್ಮಿಯ ಬಲಗೈಯೂ ಕಮಲವೂ ಬಂದವು. ಕಾಗದದ ಮೇಲೆ ಬರಿಯ ಬಿಳಿ ನಾರು ಉಳಿಯಿತು. ಅಮ್ಮ ಆ ಪಟವನ್ನು ಮತ್ತೆ ಗೋಡೆಗೆ ಹಾಕಲು ಬಿಡಲಿಲ್ಲ. ನೀವು ಆ ಮೂಲೆಯನ್ನು ಮುಟ್ಟಲೇಬೇಡಿ.

ಉತ್ತರ 3 (ಕಾಗದದ ಕಲಾಕೃತಿಗಳ ಸಂರಕ್ಷಣೆಯಲ್ಲಿ ತರಬೇತಿ ಪಡೆದವರು)

ಮೇಲಿನ ಇಬ್ಬರ ಮಾತೂ ಸರಿಯಾಗಿದೆ. ಈ ಓಲಿಯೋಗ್ರಾಫ್‌ಗಳನ್ನು ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಚ್ಚಿನಿಂದ ಮುದ್ರಿಸಿ, ತೈಲಚಿತ್ರದ ಹೊಳಪು ಬರಲೆಂದು ಮೇಲೆ ವಾರ್ನಿಷ್ ಹಚ್ಚುತ್ತಿದ್ದರು. ತೇವ ಮತ್ತು ಸೆಕೆಗೆ ಆ ವಾರ್ನಿಷ್ ಮೆತ್ತಗಾಗಿ ಗಾಜನ್ನು ಹಿಡಿದುಕೊಳ್ಳುತ್ತದೆ. ಅದನ್ನು ಬಿಡಿಸುವುದು ಕಟ್ಟು ಹಾಕುವವರ ಕೆಲಸವಲ್ಲ. ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನೊಂದಿಗೆ ಸೇರಿ, ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ಸ್ಥಾಪಿಸಿದ ಸಂರಕ್ಷಣಾ ಕೇಂದ್ರವಿದೆ. ಮೊದಲು ಅಲ್ಲಿ ವಿಚಾರಿಸಿ, ಕಟ್ಟಿನ ಮಾತು ಆಮೇಲಿರಲಿ.

ನೀವು ಕಂಡ ಕಂದು ಗೆರೆಗಳನ್ನು ಹಲಗೆಗಳ ಪಕ್ಕದಲ್ಲಿಟ್ಟು ನೋಡಿ. ಅವು ಎರಡು ಹಲಗೆಗಳ ನಡುವಿನ ಬಿರುಕಿಗೆ ಸರಿಯಾಗಿ ಕೂರುತ್ತವೆ. ಹೊರಗಿನ ಗಾಳಿ, ದೂಳು, ಹೊಗೆ ಎಲ್ಲವೂ ಆ ಬಿರುಕಿನಿಂದಲೇ ಒಳಗೆ ಬಂದು ಕಾಗದವನ್ನು ಸುಟ್ಟಂತೆ ಮಾಡುತ್ತವೆ. ಮರದಿಂದ ಹೊರಡುವ ಆಮ್ಲವೂ ಅದಕ್ಕೆ ಸೇರುತ್ತದೆ. ಹಳೆಯ ತೇಗದ ಕಟ್ಟನ್ನೇ ಉಳಿಸಿಕೊಳ್ಳುವ ಆಸೆ ನಿಮಗಿದ್ದರೆ ನಾನು ಅದರ ಪರವಾಗಿದ್ದೇನೆ, ಏಕೆಂದರೆ ಆ ಕಟ್ಟೂ ಪಟದ ಚರಿತ್ರೆಯ ಭಾಗವೇ. ಆಗ ಮೌಂಟಿಗೆ ಜಾಗ ಸಿಗುವುದಿಲ್ಲ. ಬದಲಿಗೆ ಗಾಜಿನ ಸುತ್ತ, ಕಟ್ಟಿನ ತುಟಿಯ ಮರೆಯಲ್ಲಿ, ಸುಮಾರು 5 ಮಿಲಿಮೀಟರ್ ದಪ್ಪದ ಪಟ್ಟಿ ಕೂರಿಸಿ ಸಂದು ಮಾಡಿಸಬಹುದು. ಮರಕ್ಕೆ ಕಾಗದ ತಾಗುವ ಒಳ ಅಂಚಿಗೆ ಅಲ್ಯೂಮಿನಿಯಂ ಫಾಯಿಲ್ ಟೇಪು ಹಚ್ಚಿಸಿ.

ಗಾಜೋ ಅಕ್ರಿಲಿಕ್ಕೋ ಎಂದರೆ, ನೇರಳಾತೀತ ಕಿರಣ ತಡೆಯುವ ಯಾವುದಾದರೂ ಆಗಬಹುದು. ಆದರೆ ಉಜ್ಜಿದರೆ ಅಕ್ರಿಲಿಕ್‌ನಲ್ಲಿ ಸ್ಥಿರವಿದ್ಯುತ್ತು ಹುಟ್ಟಿ ಸಡಿಲವಾದ ಬಣ್ಣದ ಪುಡಿಯನ್ನು ಸೆಳೆಯುತ್ತದೆ. ನಿಮ್ಮ ಪಟದ ಬಣ್ಣ ಎಲ್ಲಿಯಾದರೂ ಚಕ್ಕೆಯೇಳುತ್ತಿದ್ದರೆ ಗಾಜೇ ವಾಸಿ. ಕಾಗದದ ಕೃತಿಗಳಿಗೆ ವಸ್ತುಸಂಗ್ರಹಾಲಯಗಳಲ್ಲಿ ಸಾಮಾನ್ಯವಾಗಿ 50 ಲಕ್ಸ್‌ನಷ್ಟು ಬೆಳಕನ್ನು ಮಿತಿಯಾಗಿ ಇಡುತ್ತಾರೆ. ಮನೆಯಲ್ಲಿ ಅಷ್ಟು ಸಾಧ್ಯವಾಗದಿದ್ದರೂ, ಬಿಸಿಲು ಬೀಳುವ ಗೋಡೆಯನ್ನೂ ಮಳೆಗೆ ನೆನೆಯುವ ಹೊರಗೋಡೆಯನ್ನೂ ಬಿಟ್ಟು ಒಳಗೋಡೆಗೆ ತೂಗುಹಾಕಿ, ಕಟ್ಟಿನ ಕೆಳಗಿನ ಎರಡು ಮೂಲೆಗಳ ಹಿಂದೆ ಬೆಂಡಿನ ಬಿಲ್ಲೆ ಅಂಟಿಸಿ. ಹಿಂದೆ ಗಾಳಿಯಾಡಿದರೆ ಬೂಷ್ಟು ಬರುವುದು ಬಹಳ ಕಡಿಮೆಯಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಹಲಗೆಗಳನ್ನು ಪಕ್ಕದಲ್ಲಿಟ್ಟು ನೋಡಿದೆ, ಗೆರೆಗಳು ಬಿರುಕಿಗೆ ಕೂದಲೆಳೆಯಷ್ಟೂ ತಪ್ಪದೆ ಕೂತವು. ಗಾಜಿನ ಮೇಲೆ ಅಜ್ಜಿ ಪ್ರತಿ ನವರಾತ್ರಿಯಲ್ಲೂ ಇಡುತ್ತಿದ್ದ ಕುಂಕುಮದ ಕಲೆ ಇನ್ನೂ ಇದೆ. ಗಾಜು ಬಿಡಿಸಿಕೊಟ್ಟ ಮೇಲೆ ಅದನ್ನೂ ಹಳೆಯ ಕಟ್ಟನ್ನೂ ಇಟ್ಟುಕೊಳ್ಳುತ್ತೇನೆ. ಬೆಂಗಳೂರಿಗೆ ಕಾರಿನಲ್ಲಿ ತರುವಾಗ ಪಟವನ್ನು ನಿಲ್ಲಿಸಿ ತರಬೇಕೇ, ಮಲಗಿಸಿಯೇ?

ಉತ್ತರ 1ನ್ನು ಬರೆದವರು

ಗಾಜು ಕೆಳಗೆ ಬರುವಂತೆ ದಪ್ಪ ಕಂಬಳಿಯ ಮೇಲೆ ಮಲಗಿಸಿ ತನ್ನಿ. ಅಂಟದ ಭಾಗದ ಕಾಗದದ ಭಾರ ಗಾಜಿನ ಮೇಲೆಯೇ ಕೂರುತ್ತದೆ, ಅಂಟಿದ ಮೂಲೆಯನ್ನು ಜಗ್ಗುವುದಿಲ್ಲ. ಬೆನ್ನಿನ ಮೇಲೆ ಸ್ವಚ್ಛವಾದ ರಟ್ಟೊಂದನ್ನು ಸಡಿಲವಾಗಿ ಮುಚ್ಚಿ, ಬಿಗಿದು ಕಟ್ಟಬೇಡಿ. ಮಳೆ ಬಿಟ್ಟ ಮೇಲೆ ಹೊರಡಿ.